ಬೆರಳುದ್ದದ ಲೋಟ

ಭಾನುವಾರ ಎಂಟಕ್ಕೇ ಕೌಲ್‌ಬಜಾರು ಕಾದ ಹಂಚು.
ಜೀನ್ಸಿನ ಉಳಿಕೆ ತುಂಡಲ್ಲಿ ಇವರಪ್ಪ ಹೊಲಿದ ಚಡ್ಡಿ,
ನಾನು ಇಸ್ತ್ರಿ ಹಾಕಿದ ಬಿಳಿ ಅಂಗಿ.
ಅದರ ಮೇಲೆ ಆಗಲೇ ನೀಫೈ
ಮಂಡಾಳು ಒಗ್ಗರಣೆ ಚೆಲ್ಲಿಕೊಂಡಿದ್ದಾನೆ.

ಗಂಟೆ ಹೊಡೆಯುವ ದೊಡ್ಡ ಚರ್ಚು ದಾಟಿ ಹೋಗಬೇಕು.
'ಅದ್ಯಾಕೆ ನಮ್ಮದಲ್ಲ?' ಜೆರುಷ ಕೇಳುತ್ತಾಳೆ, ವಾರವಾರವೂ.
ನಮ್ಮದು ಔಷಧಿ ಅಂಗಡಿಯ ಮೇಲಿನ ಕೋಣೆ,
ಹನ್ನೊಂದು ಮೆಟ್ಟಿಲು, ಇಪ್ಪತ್ತು ಕುರ್ಚಿ. ಗಂಟೆಯಿಲ್ಲ.

ಮೂರು ವರ್ಷದಿಂದ ಪ್ರಸಂಗವೆಲ್ಲ ನನಗೆ
ಬಾಗಿಲ ಸಂದಿಯಿಂದ ಬಂದ ಅರ್ಧರ್ಧ ವಾಕ್ಯ.
ಅಳುವ ಕೂಸನ್ನೆತ್ತಿ ಮೆಟ್ಟಿಲ ಮೇಲೆ ಕೂತರೆ
ಕೆಳಗೆ ಗಾಡಿಯವ ಚಾ ಸೋಸುತ್ತಾನೆ, ಏಲಕ್ಕಿ ಮೇಲೇರುತ್ತದೆ.
ಬಿಟ್ಟು ಆರು ವರ್ಷ.
ಮೂಗಿಗಿನ್ನೂ ದೀಕ್ಷಾಸ್ನಾನ ಆಗಿಲ್ಲ.

ಇವತ್ತು ಹೇಗೋ ಒಳಗಿದ್ದೆವು.
ಮುರಿದ ಬ್ರೆಡ್ಡು ಬಂತು, ಆಮೇಲೆ ತಟ್ಟೆಯಲ್ಲಿ ನೀರು,
ಬೆರಳುದ್ದದ ಲೋಟಗಳಲ್ಲಿ. ಎಲ್ಲರ ತಲೆ ಬಾಗಿತ್ತು.
ನೀಫೈ ಒಂದೇ ಗುಟುಕಿಗೆ ಮುಗಿಸಿ, ಗಟ್ಟಿಯಾಗಿ:
'ಇಷ್ಟೇನಾ? ಇವರಿಗೂ ನಲ್ಲಿ ಬಂದಿಲ್ಲೇನು?'

ಎಂಟು ದಿನಕ್ಕೊಮ್ಮೆ ನೀರು ಕಾಣುವ ಓಣಿಯ ಮಗ.
ಯಾರೋ ಕಿಸಕ್ಕೆಂದರು. ತಟ್ಟೆ ಹಿಡಿದ ಹುಡುಗನ ಕೈ ತುಳುಕಿತು.
ಇವರಪ್ಪ ಕಣ್ಣು ತೆರೆಯಲೇ ಇಲ್ಲ,
ಭುಜ ಮಾತ್ರ ಕುಣಿಯುತ್ತಿತ್ತು.

ಮಧ್ಯಾಹ್ನ ಮನೆಯಲ್ಲಿ ಬಾಟಲಿ ಮುಚ್ಚಳಗಳ ಸಾಲು.
ಅತ್ತೆಗೊಂದು, ಪಕ್ಕದ ಮನೆ ಜೈತುನ್‌ಬಿಗೊಂದು,
ಅವಳ ಹುಂಜಕ್ಕೊಂದು.
ಕೊಡದ ನೀರು ಪೋಲಾಯಿತೆಂದು ಬೈಯಬೇಕಿತ್ತು.
ನನ್ನೆದುರು ಬಂದು ನಿಂತ: 'ಅಮ್ಮಾ, ಕಣ್ಮುಚ್ಚು.'

ಮುಚ್ಚಿದೆ.
ನಾಲ್ಕು ಹನಿ. ಮುಚ್ಚಳಕ್ಕಿನ್ನೂ
ಕಿತ್ತಳೆ ಸೋಡಾದ ವಾಸನೆ.