ಡಿಸೆಂಬರಿನ ಹಲಗೆ

ಡಿಸೆಂಬರಿನ ಎರಡನೆಯ ಶನಿವಾರ, ಕಡೆಯ ಗಾಡಿ ಹೋದಮೇಲೆ
ಎರ್ಲೆನ್‌ರೋಡಾ ನಿಲ್ದಾಣದ ಗೋಡೆಗೆ ಏಣಿ ಹಾಕುತ್ತೇನೆ.
ನಾಳೆಯಿಂದ ಹೊಸ ವೇಳಾಪಟ್ಟಿ.
ಹಲಗೆಯ ಮೇಲೆ ಒಂದು ಗೆರೆ ಹೆಚ್ಚಬೇಕು,
ಬೆಳಗಿನ ಐದು ಹನ್ನೆರಡರೊಳಗೆ ಒಣಗಬೇಕು.

ಮೊದಲ ವರ್ಷ ಆ ಗೆರೆ ನನ್ನ ಗೇಣಿನಷ್ಟೂ ಇರಲಿಲ್ಲ.
ಬೇರೆಯವರು ಬಿಸಾಕಿದ ಎರಡು ಡೀಸೆಲ್ ಬೋಗಿ,
ಒಂದರ ಬಾಗಿಲು ಒದ್ದರಷ್ಟೇ ತೆರೆಯುತ್ತಿತ್ತು.
ಕಂಪನಿಯೆಂದರೆ ಏಳು ಜನ, ನಾಯಿ ಸೇರಿ ಎಂಟು.
ಚಳಿಗೆ ಮುಂಚೆ ಸಕ್ಕರೆಗೆಡ್ಡೆ ಹೊತ್ತು, ಉಳಿದ ದಿನ
ಹದಿನಾಲ್ಕು ಶಾಲಾಮಕ್ಕಳನ್ನೂ ಪಾದ್ರಿಯ ಸೈಕಲ್ಲನ್ನೂ ಹೊತ್ತು
ಗಂಟೆಗೆ ಮೂವತ್ತು ಕಿಲೋಮೀಟರು.
ದಾರಿಯಲ್ಲಿ ಇಳಿದು ಸೇಬು ಕಿತ್ತು
ಮತ್ತೆ ಹತ್ತಬಹುದು ಎಂದು ಬಿಯರಿನಂಗಡಿ ನಕ್ಕಿತು.

ಆಮೇಲೆ ಉಪ್ಪಿನ ಗಣಿಯತ್ತ ಒಂದು ಕವಲು.
ಆಮೇಲೆ ಹೊಳೆಗುಂಟ ಪಟ್ಟಣದವರೆಗೆ,
ಜಿಲ್ಲಾ ಮಂಡಳಿಯಲ್ಲಿ ಒಂದೇ ಒಂದು ಮತದ ಗೆಲುವು.
ಆ ಮತ ಹಾಕಿದ ಹಲ್ಲಿನ ಡಾಕ್ಟರು ಹೈನ್‌ಫ್ರೀಡ್
ಈಗಲೂ ಟಿಕೆಟ್ ಕೊಂಡೇ ಹತ್ತುತ್ತಾರೆ.

ಹಚ್ಚುವ ಮೊದಲು ಕೆರೆಯಬೇಕು. ಹಲಗೆ ಅದೇ ಹಳೆಯದು.
ಚೂರಿಯ ಮೊನೆಗೆ ಬಿಳಿ ಎದ್ದು ಬಂದಾಗ
ಕೆಳಗೆ ಊರುಗಳು, ಕಣ್ಣುಬಿಡದ ಬೆಕ್ಕಿನ ಮರಿಗಳ ಹಾಗೆ:
ವೈಡೆನ್‌ಸೋಲ್, ಕ್ರೋಮ್‌ಬಾಖ್, ಹೋಲ್ಡರ್‌ಹೋಫ್.
ಅಪ್ಪನ ಅಕ್ಷರ. ಅವನ 'ಓ'ಗಳೆಲ್ಲ
ಎಡಕ್ಕೆ ವಾಲುತ್ತವೆ, ತಿರುವಿನಲ್ಲಿ ಗಾಡಿ ವಾಲಿದಂತೆ.

ಅರವತ್ತೇಳರಲ್ಲಿ ದೊಡ್ಡ ರೈಲ್ವೆಯ ಕಾಗದ ಬಂತು.
ಬಸ್ಸು ಅಗ್ಗ, ಕಾರು ಹೊಸದು, ಹಳಿ ಗುಜರಿಗೆ.
ಅಪ್ಪ ಇದೇ ಏಣಿ ಹತ್ತಿ ಒಂದೊಂದೇ ಊರಿಗೆ
ಬಿಳಿ ಬಳಿದು ಇಳಿದ.
ಮನೆಗೆ ಬಂದು ಕೈ ತೊಳೆದ. ಸೂಪು ಆರುವ ತನಕ ತೊಳೆದ.

ಈ ಸಲ ಕ್ರೋಮ್‌ಬಾಖ್.
ಹಳಿಗಳ ನಡುವೆ ಎದ್ದಿದ್ದ ಬರ್ಚ್ ಮರಗಳಿಗೆ ನನ್ನ ಮಗಳ ವಯಸ್ಸು.
ಕಡಿಯುವ ದಿನ ಜಲ್ಲಿ ತುಂಬುವ ಗುಂಪಿನ ತುಂಜಾಯ್
ಒಂದು ಸಸಿಯನ್ನು ಬೇರು ಸಮೇತ ಬಕೆಟ್ಟಿಗೆ ಹಾಕಿಕೊಂಡ;
ಅದೀಗ ಸಿಗ್ನಲ್ ಮನೆಯ ಹಿಂದೆ, ನೀರು ಕೇಳುತ್ತಾ ನಿಂತಿದೆ.

ಈಗ ನಲವತ್ತು ಗಾಡಿ, ನೀಲಿ ಸಮವಸ್ತ್ರ,
ನನ್ನ ಹೆಸರು ತಿಳಿಯದ ಮ್ಯಾನೇಜರು.
ಬರುವ ವರ್ಷ ಹಲಗೆ ತೆಗೆದು ಪರದೆ ಹಾಕುತ್ತಾರಂತೆ.
ಹಾಕಲಿ.

ಹೋಲ್ಡರ್‌ಹೋಫ್‌ಗೆ ಮಾತ್ರ ಗೆರೆ ಮಂಜೂರಾಗಿಲ್ಲ.
ಸೇತುವೆ ಕುಸಿದಿದೆ, ಇಪ್ಪತ್ತೊಂದು ಮನೆ, ಲೆಕ್ಕ ಕೂಡುವುದಿಲ್ಲವಂತೆ.
ಆದರೂ ಬಿಳಿಯನ್ನು ಕೆರೆದುಬಿಟ್ಟೆ.
ಯಾರೂ ಹೇಳಿರಲಿಲ್ಲ.

ಐದು ಹನ್ನೆರಡು. ಕೆಂಪು ಒಣಗಿರಲಿಲ್ಲ.
ಬೇಕರಿಗೆ ಹೊರಟ ಹುಡುಗಿಯೊಬ್ಬಳು
ಕ್ರೋಮ್‌ಬಾಖಿನ ಮೇಲೆ ಬೆರಳಿಟ್ಟಳು, ಬೆರಳು ನೋಡಿಕೊಂಡಳು,
ಕೋಟಿಗೆ ಒರೆಸಿಕೊಂಡು
ಗೆರೆಯಿಲ್ಲದ ಹೆಸರನ್ನು ಓದಿದಳು:
"ಅಜ್ಜಿ, ಇಲ್ಲಿಗೆ ಎಷ್ಟು ಹೊತ್ತಿಗೆ?"