ಕಾಲ್ಗುಣ

ಕೌಲ್ ಬಜಾರಿನ ಮಹಡಿಯ ಮೇಲೆ
ಹದಿನಾಲ್ಕು ಮೆಷಿನ್ನು, ಒಂದೇ ಫ್ಯಾನು.
ನನ್ನ ಪಾಲಿಗೆ ಒಳಗಾಲಿನ ಹೊಲಿಗೆ.
ಯಾರ್ಯಾರದೋ ಕಾಲು ದಿನವಿಡೀ
ನನ್ನ ಕೈಯೊಳಗೆ ಹಾದು ಹೋಗುತ್ತವೆ,
ನನ್ನವೆರಡು ಮಾತ್ರ ಮೇಜಿನ ಕೆಳಗೆ
ಕೂತಲ್ಲೇ.

ಬಾಬಿನ್ ಡಬ್ಬಿಯ ತಳದಲ್ಲಿ ಮಾತ್ರೆಯ ಹಾಳೆ.
ಇಪ್ಪತ್ತೊಂದು ಬಿಳಿ, ಏಳು ಕಂದು.
ಜೀನ್ಸಿನ ಬಣ್ಣ ಹತ್ತಿದ ಬೆರಳಲ್ಲಿ
ಬಿಳಿಯೂ ನೀಲಿ.
ಅತ್ತೆಗೆ ಗೊತ್ತಿಲ್ಲ. ಗಂಡನಿಗೆ ಗೊತ್ತು,
ಗೊತ್ತಿಲ್ಲದಂಗ ಇರ್ತಾನ.

ಐದನೇ ಹಾಳೆಯ ನಡುವೆ ಒಂದು ದಿನ
ಎಡಗಾಲಿನ ಚೈನು ಚರ್ಮದಲ್ಲಿ ಹೂತಿತ್ತು,
ಬಲಗಾಲಿನದು ಸಡಿಲ.
ತಿಕ್ಕಲೆಂದು ಮೀನಖಂಡ ಮುಟ್ಟಿದ ಸುಂಕಮ್ಮ
ಕೈ ಹಿಂದೆಳೆದಳು:
'ಸುಡ್ತೈತಲ್ಲೇ ಮಾಬುನ್ನಿ, ಇಸ್ತ್ರಿಪೆಟ್ಟಿಗಿ ಆಗೈತಿ.'

ದೊಡ್ಡಾಸ್ಪತ್ರೆ. ತೊಡೆಯ ಮೇಲೆ ತಣ್ಣನೆ ಜೆಲ್ಲು.
ಒತ್ತಿದರೆ ಮುಚ್ಚಬೇಕಾದ ನಾಳ
ಮುಚ್ಚಲಿಲ್ಲ.
'ರಕ್ತ ಹೆಪ್ಪುಗಟ್ಟಿದೆ' ಅಂದರು ಡಾಕ್ಟರಮ್ಮ.

ಹೆಪ್ಪು.
ನಾನು ಕಂಡದ್ದು ಒಂದೇ:
ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಅರ್ಧ ಚಮಚ.
ಅಲುಗಿದರೆ ಕೂಡುವುದಿಲ್ಲ ಎಂದು
ಅವ್ವ ಗಡಿಗೆಯನ್ನು ಮೂಲೆಗೆ ಸರಿಸುತ್ತಿದ್ದಳು.
ನಾನೂ ಮೂಲೆಯ ಮೆಷಿನ್ನಿನವಳು,
ದಿನಕ್ಕೆ ಹತ್ತು ತಾಸು.

'ಎಲ್ಲರಿಗೂ ಆಗೋದಲ್ಲ. ಮಾತ್ರೆ ನುಂಗೋ ಹತ್ತು ಸಾವಿರ ಜನರಲ್ಲಿ
ವರ್ಷಕ್ಕೆ ಎಂಟೋ ಹತ್ತೋ.
ಬಸುರಿ, ಬಾಣಂತಿಗೆ ಇದಕ್ಕಿಂತ ಜಾಸ್ತಿ.
ನಿಮ್ಮ ಮನೆಯಲ್ಲಿ ಯಾರಿಗಾದರೂ
ಹಿಂಗ ಕಾಲು ಬಾತಿತ್ತಾ?'

ಮಾತ್ರೆ ಕೊಟ್ಟವರು ಇದನ್ನು ಕೇಳಿರಲಿಲ್ಲ.
ಕೇಳಿದ್ದರೆ
ನನಗೆ ಆಗ ನೆನಪಾಗುತ್ತಿತ್ತೋ ಇಲ್ಲವೋ.

ಕುರುಗೋಡು. ತಮ್ಮ ಹುಟ್ಟಿದ ಹನ್ನೊಂದನೇ ದಿನ
ತೊಟ್ಟಿಲಿಗೆ ಕೈ ಚಾಚಿದ ಅವ್ವ
ಉಸಿರು ಸಿಗದೆ ಕುಸಿದಳು.
ಗಾಳಿ ಅಂದರು, ದೃಷ್ಟಿ ಅಂದರು,
ಕೊನೆಗೆ ಎಲ್ಲರೂ ಸೇರಿ
ಕೂಸಿನ ಕಾಲ್ಗುಣ ಅಂದರು.
ಇಪ್ಪತ್ತೆರಡು ವರ್ಷ ಆ ಮಾತು ಹೊತ್ತು
ದಸ್ತಗೀರ ಮದುವೆ ಮನೆಗಳಲ್ಲಿ
ಹೊಸ್ತಿಲಾಚೆಯೇ ನಿಲ್ಲುತ್ತಾನೆ.

ಅವ್ವನ ಎಡಗಾಲು ಕುಂಬಳದಂತೆ ಬಾತಿತ್ತು.
ಎಣ್ಣೆ ಹಚ್ಚಿ ತಿಕ್ಕಿದವಳು ನಾನೇ,
ಒಂಬತ್ತು ವರ್ಷದವಳು.
ಡಾಕ್ಟರಮ್ಮನಿಗೆ ಅಷ್ಟು ಹೇಳಲಿಲ್ಲ.
'ಹೂಂ, ಅವ್ವಗ' ಅಂದೆ.
ಅವರು ಬರೆದುಕೊಂಡರು.

ಈಗ ಹೊಟ್ಟೆಗೆ ದಿನಕ್ಕೆರಡು ಸೂಜಿ.
ಮುಂದೆ ಕಾಪರ್-ಟಿ ಹಾಕಬಹುದಂತೆ.
ಹಾಳೆಯಲ್ಲಿ ಒಂಬತ್ತು ಬಿಳಿ ಉಳಿದಿವೆ;
ಬೈಯಲು ಮನಸ್ಸಿಲ್ಲ,
ಐದು ತಿಂಗಳು ನಿದ್ದೆ ಕೊಟ್ಟಿದ್ದವು.

ವಾರ್ಡಿನಿಂದಲೇ ಫೋನು ಹಚ್ಚಿದೆ.
'ಯಾಕಕ್ಕಾ, ಏನಾತು?'
'ಏನಿಲ್ಲ. ಕಾಲು.'
'ಯಾರ ಕಾಲು?'

'ಅದನ್ನೇ ಹೇಳಾಕತ್ತೀನಿ, ಕೇಳು.
ನಿಂದಲ್ಲ.'