ಬಿಳಿ ಟೇಪಿನ ಮೇಲೆ ತಾರೀಖು

ಹನಿ ಬಿದ್ದಿಲ್ಲ. ಮೊದಲು ಅದನ್ನೇ ಹೇಳಬೇಕು.
ರಾತ್ರಿ ಗಾಡಿಯಡಿ ಹಾಸಿದ ರಟ್ಟು
ಬೆಳಿಗ್ಗೆ ಎಳೆದರೆ ಒಣ ಒಣ,
ಬೆಕ್ಕಿನ ಹೆಜ್ಜೆ ಮೂರು, ಒಂದು ಬೇವಿನ ಎಲೆ.

ಆದರೂ ಡಬ್ಬಿಯಲ್ಲಿ ಹಸಿರು ನೀರು ಇಳಿದಿದೆ.
ನಾನು ಜಿಲ್ಲಾ ಆಸ್ಪತ್ರೆಯ ಲ್ಯಾಬಿನವಳು,
ದಿನಕ್ಕೆ ತೊಂಬತ್ತು ಜನರ ನೆತ್ತರು ಎಣಿಸುವವಳು,
ಕಣ್ಣಳತೆ ನಂಬುವುದಿಲ್ಲ.
ಡಬ್ಬಿಗೆ ಬಿಳಿ ಟೇಪು ಅಂಟಿಸಿ ಗೆರೆ ಎಳೆದೆ:
ಸೋಮವಾರ ಇಲ್ಲಿ, ಗುರುವಾರ ಇಲ್ಲಿ,
ಹುಮನಾಬಾದಿಗೆ ಹೋಗಿ ಬಂದ ಶನಿವಾರ
ಎರಡು ಬೆರಳು ಕೆಳಗೆ.

ತೊಂಬತ್ತೇಳರ ಮಾರುತಿ. ಮೂರು ಕೈ ದಾಟಿ ನನ್ನ ಕೈಗೆ.
ಬಾಗಿಲು ಹಾಕಿದರೆ ಇನ್ನೂ ಬಿಸ್ಕಿಟ್ ಡಬ್ಬಿಯ ಸದ್ದು.
ಹಳ್ಳಿಖೇಡ ದಾಟಿದ ಮೇಲೆ
ಮುಳ್ಳು ಮೆಲ್ಲಗೆ ಕೆಂಪಿನ ಕಡೆ ಕತ್ತು ಹೊರಳಿಸುತ್ತದೆ.
ನಾನು ಮೇ ತಿಂಗಳಲ್ಲಿ ಹೀಟರ್ ಹಾಕುತ್ತೇನೆ,
ಕಿಟಕಿ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ.
ಪಕ್ಕದ ಟಂಟಂನವ ನೋಡಿ ನಗುತ್ತಾನೆ.
ಒಳಗೊಂದು ಸಿಹಿ ವಾಸನೆ,
ಸಕ್ಕರೆ ಕಾಯಿಲೆ ಮಿತಿಮೀರಿದವರ ಉಸಿರಿನಂಥದು.
ಆಗಲೇ ಗೊತ್ತಾಗಬೇಕಿತ್ತು ನನಗೆ.

ಮೊದಲ ಮಿಸ್ತ್ರಿ ರೇಡಿಯೇಟರ್ ಬದಲಿಸಿದ.
ಎರಡನೆಯವ ಮುಚ್ಚಳ.
ಮೂರನೆಯವ ನನ್ನ ಮುಖ ನೋಡದೆ
ಜೊತೆಗೆ ಬಂದ ತಮ್ಮನಿಗೆ ಹೇಳಿದ:
"ಹೆಡ್ ಹೋಗ್ಯಾದ್ರೀ, ಹನ್ನೆರಡು ಸಾವಿರ ಹಿಡೀರಿ."
ಎಣ್ಣೆಯ ಬಿರಡೆ ಬಿಚ್ಚಿ
ಒಳಬದಿ ಬೆರಳಿಂದ ಒರೆಸಿ ತೋರಿಸಿದೆ.
ಕಪ್ಪು. ಬರೀ ಕಪ್ಪು. ಮಜ್ಜಿಗೆಯ ಬಣ್ಣ ಎಲ್ಲಿ?
ಅವನು ಮತ್ತೆ ತಮ್ಮನಿಗೇ ಹೇಳಿದ, ಹದಿನಾಲ್ಕು ಸಾವಿರ.

ನೌಬಾದಿನಲ್ಲಿ ಹುಣಸೆ ಮರದ ಕೆಳಗೆ
ಬೋರ್ಡಿಲ್ಲದ ಗ್ಯಾರೇಜು, ಲಾಡ್ಲೆಸಾಬನದು.
ಕನ್ನಡಕ ಹಣೆಗೇರಿಸಿ ಟೇಪು ಓದಿದ,
ಸೋಮ, ಗುರು, ಶನಿ.
"ಯಾರು ಬರದಾರ ಇದು?"
"ನಾನೇ."
"ಅರ್ಧ ಕೆಲಸ ಆಗ್ಯಾದ ಮತ್ತ."

ಸೈಕಲ್ ಪಂಪನ್ನು ಹಳೆಯ ಮುಚ್ಚಳಕ್ಕೆ ಬೆಸೆದು
ತಾನೇ ಮಾಡಿಕೊಂಡ ಯಂತ್ರ ಒಂದಿದೆ ಅವನಲ್ಲಿ.
ತಣ್ಣಗಿನ ಎಂಜಿನ್ನಿಗೆ ಗಾಳಿ ತುಂಬಿದ,
ಮುಳ್ಳು ಹದಿಮೂರಕ್ಕೆ ನಿಂತಿತು.
ಮಾತು ಬೇಡ ಎಂದು ಕೈಸನ್ನೆ.
ಹುಡುಗ ಘಾಳೆಪ್ಪ ಮೊಬೈಲಿನ ಹಾಡು ನಿಲ್ಲಿಸಿದ.
ಹನ್ನೆರಡೂವರೆ.
ಹನ್ನೆರಡು.
ರಸ್ತೆಯಲ್ಲಿ ನೀರಿನ ಟ್ಯಾಂಕರ್ ಚೆಲ್ಲುತ್ತ ಹೋಯಿತು,
ಅದರ ಸದ್ದು ತೀರುವ ತನಕ ಕಾದೆವು.

"ಸುರಂಗ ಬಾವಿ ಹೂಳು ತಗ್ಯಾಗ ಇಳಿದಿದ್ನಿ ನಾ,
ಇಲ್ಲೇ, ನಮ್ಮ ಕಾಲ ಕೆಳಗ," ಎಂದ,
ಟಾರ್ಚನ್ನು ಹಲ್ಲಲ್ಲಿ ಕಚ್ಚುವ ಮೊದಲು.
"ಕತ್ತಲದಾಗ ನೀರು ಕಾಣಂಗಿಲ್ಲ ಮೇಡಮ್.
ಹೋದ ದಾರಿಗುಂಟ ಸುಣ್ಣ ಬಿಟ್ಟು ಹೋಗ್ತದ."

ಆಮೇಲೆ ನನ್ನನ್ನೇ ಕರೆದ. ತಮ್ಮನನ್ನಲ್ಲ.
ಬೆಲ್ಟಿನ ಕವಚ ಬಿಚ್ಚಿದ ಕಡೆ, ನೀರಿನ ಪಂಪಿನ ಹೊಟ್ಟೆಯಲ್ಲಿ
ಸಾಸಿವೆಯಷ್ಟು ತೂತು.
ಮಾಡಿದವರೇ ಇಟ್ಟ ತೂತು,
ಒಳಗಿನ ಸೀಲು ಸವೆದರೆ ಹೊರಗೆ ಹೇಳಲಿ ಎಂದು.
ಅದರ ಕೆಳಗೆ ಹಸಿರು ಬೆರೆತ ಬಿಳಿ ಹಕ್ಕಳೆ,
ಜ್ವರ ಬಿಟ್ಟವನ ತುಟಿಯ ಅಂಚಿನಂತೆ.
ಹನಿ ಹುಟ್ಟಿದ್ದು ಅಲ್ಲಿ,
ಬಿಸಿ ಲೋಹದ ಮೇಲೆ ಸತ್ತದ್ದೂ ಅಲ್ಲೇ.
ನೆಲ ಮುಟ್ಟುವಷ್ಟು ಆಯುಷ್ಯ ಅದಕ್ಕಿರಲಿಲ್ಲ.

ಎಷ್ಟು ದಿನದಿಂದ ಹೇಳುತ್ತಿತ್ತೋ.
ನಾನು ರಟ್ಟನ್ನು ಕೇಳುತ್ತಿದ್ದೆ.

ಪಂಪು, ಬೆಲ್ಟು, ಗ್ಯಾಸ್ಕೆಟ್, ಮೂರು ಲೀಟರ್ ಹಸಿರು,
ಘಾಳೆಪ್ಪನ ಚಹಾ ಸೇರಿ ಎರಡು ಸಾವಿರದ ಒಂಬೈನೂರು.
ಕೊನೆಗೆ ಗಾಳಿ ಬಿಡಿಸುವಾಗ
ಗುಳುಗುಳು ಗುಳ್ಳೆ ಎದ್ದು, ಒಮ್ಮೆ ದೊಡ್ಡದಾಗಿ ತೇಗಿ,
ಗಾಡಿ ಸುಮ್ಮನಾಯಿತು.
ಹಳೆಯ ಪಂಪನ್ನು ಪೇಪರಿನಲ್ಲಿ ಸುತ್ತಿ ಕೊಟ್ಟ,
"ಆ ಹದಿನಾಲ್ಕು ಸಾವಿರದವಗ ತೋರಸ್ರಿ."
ತೋರಿಸಿಲ್ಲ. ಮೈಕ್ರೋಸ್ಕೋಪಿನ ಪಕ್ಕ
ವರದಿಗಳು ಫ್ಯಾನಿಗೆ ಹಾರದಂತೆ ಭಾರಕ್ಕೆ ಇಟ್ಟಿದ್ದೇನೆ.

ಈಗಲೂ ಬೆಳಿಗ್ಗೆ ಬಾನೆಟ್ ಎತ್ತುತ್ತೇನೆ.
ಹತ್ತೊಂಬತ್ತು ದಿನ, ಒಂದೇ ಗೆರೆ,
ಟೇಪಿನಲ್ಲಿ ಜಾಗವಿಲ್ಲದೆ ಒಂದರ ಮೇಲೊಂದು ತಾರೀಖು.
"ಸಾಕು ಮಾಡಕ್ಕ, ಇನ್ನರೆ ನಂಬು," ಎನ್ನುತ್ತಾನೆ ತಮ್ಮ.
ನಂಬಿದ್ದೇನೆ.
ನಾಳೆ ನೋಡಿ ಹೇಳುತ್ತೇನೆ.